ಹೆಸರಿಲ್ಲದ ವಾಲ್ವ್ ರೇಡಿಯೋ: ಉಸಿರೇ ಇಲ್ಲ, ಯಾರಾದರೂ ದಾರಿ ತೋರಿಸಿ

ಅಟ್ಟದವನು, ತೀರ್ಥಹಳ್ಳಿ
ಹಳೆಯ ಮನೆಯ ಅಟ್ಟದಲ್ಲಿ ವಾಲ್ವ್ ರೇಡಿಯೋ ಸಿಕ್ಕಿದೆ. ಕಂಪನಿಯ ಹೆಸರಿಲ್ಲ, ಹಿಂಬದಿಯ ಹಲಗೆ ಇಲ್ಲ, ಲಾಂಛನವಿದ್ದ ಜಾಗದಲ್ಲಿ ಎರಡು ಮೊಳೆಯ ತೂತು ಮಾತ್ರ. ಒಳಗೆ ಬಲ್ಬಿನಂಥ ನಾಲ್ಕು ಗಾಜಿನ ವಾಲ್ವ್. ಪೇಟೆಯ ರಿಪೇರಿ ಅಂಗಡಿಯವರು ನೋಡಿ, ಒಂದೂ ಉರಿಯುತ್ತಿಲ್ಲ, ನಾಲ್ಕೂ ಸತ್ತಿವೆ, ಶೋಕೇಸಿನಲ್ಲಿಡಿ ಎಂದು ಕೈತೊಳೆದುಕೊಂಡರು. ಎಲ್ಲ ಮಾಡಿ ನೋಡಿ ಸಾಕಾಗಿದೆ. ಇದು ಯಾವ ಕಂಪನಿಯದು? ಹಾಡಿಸುವುದು ಹೇಗೆ?

ಸಾಲ್ಡರ್ ಸಾಗರ
ಕಂಪನಿ ಯಾವುದಾದರೇನು, ರೋಗ ಒಂದೇ: ಕಪ್ಲಿಂಗ್ ಕೆಪ್ಯಾಸಿಟರ್, ಅಂದರೆ ಒಂದು ವಾಲ್ವಿನ ಧ್ವನಿಯನ್ನು ಮುಂದಿನದಕ್ಕೆ ದಾಟಿಸುವ ಬಿಡಿಭಾಗ. ಮೇಣ ಸುರಿಸಿಕೊಂಡಿರುವ ಕಾಗದದ ಕೆಪ್ಯಾಸಿಟರ್ ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಕರೆಂಟನ್ನು ಹಿಡಿತದಲ್ಲಿಡುವ ಒಳಗಿನ ಜಾಲರಿಗೆ) ಹೋಗಿರುತ್ತದೆ. ಅದು ಸೋರಿದರೆ ಗ್ರಿಡ್ ಧನವಾಗಿ ವಾಲ್ವ್ ಕೆಂಪಗೆ ಕಾದು ಸಾಯುತ್ತದೆ. 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ. ನಮ್ಮ ಮಳೆಗಾಲ ಕಂಡ ಯಾವ ಕಾಗದದ ಕೆಪ್ಯಾಸಿಟರನ್ನೂ ನಾನು ನಂಬುವುದಿಲ್ಲ.

ಭದ್ರಾವತಿ 675
ಡಯಲ್ ಗಾಜಿನ ಮೇಲೆ ಯಾವ ಊರುಗಳಿವೆ? ಭದ್ರಾವತಿ ಇಲ್ಲದಿದ್ದರೆ ಸೆಟ್ 1965ಕ್ಕಿಂತ ಹಿಂದಿನದು. ನಮ್ಮ ಆಕಾಶವಾಣಿ ಶುರುವಾದದ್ದು ಆ ವರ್ಷ.

ಕೊಪ್ಪದ ಕೇಳುಗ
ಇದೆಂಥ ತರ್ಕ ಮಾರಾಯರೇ? ದೇಶಕ್ಕೆಲ್ಲ ಮಾರುವ ಗಾಜಿನ ಮೇಲೆ ಭದ್ರಾವತಿಯನ್ನು ಯಾರು ಅಚ್ಚು ಹಾಕುತ್ತಿದ್ದರು? ಕೊಲಂಬೊ, ದಿಲ್ಲಿ ಇರುತ್ತದೆ, ಅಷ್ಟೇ. ಊರು ಬಿಡಿ, ವಾಲ್ವ್ ಮೇಲಿನ ಅಕ್ಷರ ಓದಿ ಹೇಳಿ. ಬಟ್ಟೆಯಿಂದ ಉಜ್ಜಬೇಡಿ, ಅಚ್ಚು ಧೂಳಿನ ಜೊತೆಗೇ ಹೋಗುತ್ತದೆ.

ಅಟ್ಟದವನು
ಗಾಜು ಒಡೆದಿದೆ, ತರಂಗಾಂತರದ ಮೀಟರ್ ಅಂಕಿಗಳು ಮಾತ್ರ ಉಳಿದಿವೆ. ಪೆಟ್ಟಿಗೆ ಬೀಟೆಯದೆಂದು ತೋರುತ್ತದೆ, ಮೇಲೆಲ್ಲ ಬೂಷ್ಟು. ಅದಕ್ಕೆ ಏನು ಹಚ್ಚಲಿ?

ಸಾಲ್ಡರ್ ಸಾಗರ
ಸ್ಪಿರಿಟ್ ಪಾಲಿಷ್. ಬೇರೆ ಏನೂ ಬೇಡ. ಮೊದಲು ಕೆಪ್ಯಾಸಿಟರ್.

ಆಗುಂಬೆ ಅಲೆ
ಸ್ಪಿರಿಟ್ ಪಾಲಿಷ್ ಹಚ್ಚಿ ಒಂದು ಆಟಿಯ ಮಳೆ ಕಳೆಯಲಿ, ಬೆಳ್ಳಗೆ ಮಂಕಾಗಿ ಕೂರುತ್ತದೆ. ನಮ್ಮ ತೇವಕ್ಕೆ ವಾರ್ನಿಷ್ಷೇ ಸರಿ. ನನ್ನ ಸೆಟ್ಟಿಗೆ ಅದನ್ನೇ ಬಳಿದಿದ್ದೇನೆ. ಎರಡು ಅಡಿಕೆ ಮರಗಳ ನಡುವೆ ತಾಮ್ರದ ಏರಿಯಲ್, ಬಾವಿಕಟ್ಟೆಯ ಪಕ್ಕದಲ್ಲಿ ಅರ್ಥ್. ರಾತ್ರಿ ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಜ್, ಪಕ್ಕದ ಮನೆಯಿಂದ ಕೇಳಿದಷ್ಟು ಸ್ಪಷ್ಟ.

ಸಾಲ್ಡರ್ ಸಾಗರ
ವಾರ್ನಿಷ್ ಬಳಿದ ರೇಡಿಯೋ ಮದುವೆ ಮನೆಯ ಬಾಡಿಗೆ ಕುರ್ಚಿಯಂತೆ ಹೊಳೆಯುತ್ತದೆ. ನಿಮ್ಮ ಇಷ್ಟ.

ಕೊಪ್ಪದ ಕೇಳುಗ
ಪಾಲಿಷ್ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ವಾಲ್ವ್ ಸಂಖ್ಯೆ ಎಲ್ಲಿ?

ಅಟ್ಟದವನು
ಡಿಕೆ 96, ಡಿಎಫ್ 96, ಡಿಎಎಫ್ 96. ನಾಲ್ಕನೆಯದು ಮಸುಕಾಗಿದೆ, ಡಿಎಲ್ ಎಂದಷ್ಟೇ ಕಾಣುತ್ತದೆ.

ಕೊಪ್ಪದ ಕೇಳುಗ
ಇದನ್ನು ಮೊದಲೇ ಹೇಳಬಾರದಿತ್ತೇ? ಮೊದಲ ಅಕ್ಷರ ‘ಡಿ’ ಎಂದರೆ 1.4 ವೋಲ್ಟಿನ ಫಿಲಮೆಂಟ್, ವಾಲ್ವಿನೊಳಗೆ ಕಾಯುವ ತಂತಿ. ‘ಇ’ ಆಗಿದ್ದರೆ 6.3. ಇದು ಡ್ರೈ ಬ್ಯಾಟರಿ ಸೆಟ್, ವಿದ್ಯುತ್ ಬಾರದ ಊರಿನ ರೇಡಿಯೋ. ಕರೆಂಟಿನ ವೈರ್ ಇದೆಯೇ?

ಅಟ್ಟದವನು
ವೈರ್ ಇಲ್ಲ. ಹಿಂದೆ ನಾಲ್ಕು ತೂತಿನ ಸಾಕೆಟ್ ಇದೆ, ಪಕ್ಕದಲ್ಲಿ 90 ಮತ್ತು 1.5 ಎಂದು ಸವೆದ ಅಂಕಿಗಳು. ಅಂಗಡಿಯವರು ಬ್ಯಾಟರಿಯ ಬದಲಿಗೆ ಬಳಸುವ ಎಲಿಮಿನೇಟರಿನಿಂದ ಒಂದೂವರೆ ವೋಲ್ಟ್ ಕೊಟ್ಟೇ ನೋಡಿದ್ದು. ಇದೆಲ್ಲ ಬಿಡಿಸಿ ಬರೆಯಬೇಕೇ? ಹಳೆಯ ಸೆಟ್ಟುಗಳೆಲ್ಲ ಹೀಗೇ ಇರುತ್ತವಲ್ಲ!

ಕೊಪ್ಪದ ಕೇಳುಗ
ಇರುವುದಿಲ್ಲ ಸ್ವಾಮಿ. ಪುಣ್ಯಕ್ಕೆ ಮನೆ ಕರೆಂಟಿನ 230 ವೋಲ್ಟ್ ಕೊಡಲಿಲ್ಲ. ಈ ಫಿಲಮೆಂಟ್ ಕೇವಲ 25 ಮಿಲಿಆಂಪಿಯರಿನದು, ಹಗಲು ಬೆಳಕಿನಲ್ಲಿ ಕಾಣಿಸುವುದೇ ಇಲ್ಲ. ಉರಿಯಲಿಲ್ಲ ಎಂದು ಸತ್ತಿದೆ ಎನ್ನಲಾಗದು. ವಾಲ್ವ್ ಕಳಚಿ, ಡಿಜಿಟಲ್ ಮಲ್ಟಿಮೀಟರಿನಲ್ಲಿ 1 ಮತ್ತು 7ನೇ ಪಿನ್ ನಡುವೆ ಸಂಪರ್ಕ ಇದೆಯೇ ನೋಡಿ. ಮುಳ್ಳಿನ ಮೀಟರಿನ ಕೆಳಗಿನ ಓಮ್ಸ್ ರೇಂಜ್ ಬೇಡ, ಅದರ ಕರೆಂಟೇ ಫಿಲಮೆಂಟನ್ನು ಸುಟ್ಟುಬಿಡಬಹುದು. ನಾಲ್ಕನೆಯದು ಡಿಎಲ್ 96 ಇರಬೇಕು, ಅದರ ಫಿಲಮೆಂಟಿಗೆ ನಡುವೆ ಒಂದು ತುದಿಯಿದೆ, ಪಿನ್ 5. ಎರಡೂ ಅರ್ಧಗಳನ್ನು ಬೇರೆಬೇರೆ ನೋಡಬೇಕು.

ಸಾಲ್ಡರ್ ಸಾಗರ
ಬ್ಯಾಟರಿ ಸೆಟ್ಟಿನಲ್ಲೂ ಕಪ್ಲಿಂಗ್ ಕೆಪ್ಯಾಸಿಟರ್ ಇರುತ್ತದೆ.

ಅಟ್ಟದವನು
ಮೂರು ವಾಲ್ವ್ ಸರಿಯಾಗಿವೆ! ಡಿಎಲ್‌ನಲ್ಲಿ 1 ಮತ್ತು 5ರ ನಡುವೆ ಇದೆ, 5 ಮತ್ತು 7ರ ನಡುವೆ ಇಲ್ಲ.

ಕೊಪ್ಪದ ಕೇಳುಗ
ಫಿಲಮೆಂಟಿನ ಅರ್ಧ ಹೋಗಿದೆ. 1.4 ವೋಲ್ಟಿನ ಸೆಟ್ಟಿನಲ್ಲಿ ಎರಡು ಅರ್ಧಗಳು ಸಮಾಂತರವಾಗಿರುತ್ತವೆ. ಉಳಿದ ಅರ್ಧದಲ್ಲೇ ಮೆಲ್ಲಗೆ ಹಾಡುತ್ತದೆ, ಸದ್ಯ ಅಷ್ಟು ಸಾಕು. ಹತ್ತು 9 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 90. ಫಿಲಮೆಂಟಿಗೆ ಒಂದು ದಪ್ಪ ಟಾರ್ಚ್ ಸೆಲ್. ಸಾಕೆಟ್ಟಿನಲ್ಲಿ ಯಾವ ತೂತು ಫಿಲಮೆಂಟಿನದು ಎಂದು ಮೊದಲು ವಾಲ್ವಿನ ಬುಡದಿಂದ ಹುಡುಕಿಕೊಳ್ಳಿ. ಅದಲುಬದಲಾದರೆ ನಾಲ್ಕೂ ಒಮ್ಮೆಲೇ ಹೋಗುತ್ತವೆ. 90ರ ಸಾಲು ಮತ್ತು ಟಾರ್ಚ್ ಸೆಲ್, ಇವೆರಡರ ಋಣ ತುದಿಗಳನ್ನೂ ಹೊರಗೆ ಸೇರಿಸಬೇಡಿ, ಗ್ರಿಡ್ ಬಯಾಸ್ (ಗ್ರಿಡ್ಡಿಗೆ ಬೇಕಾದ ಋಣ ವೋಲ್ಟೇಜ್) ಸಾಮಾನ್ಯವಾಗಿ ಅವುಗಳ ನಡುವಿನ ರೆಸಿಸ್ಟರಿನಿಂದಲೇ ಬರುತ್ತದೆ.

ಭದ್ರಾವತಿ 675
ಹಾಡಿದರೆ ಮುಳ್ಳನ್ನು 444 ಮೀಟರಿಗೆ ತನ್ನಿ, 675 ಕಿಲೋಹರ್ಟ್ಜ್ ಅಲ್ಲೇ. ಮನೆಯಲ್ಲಿ ಅಂಚೆ ಕಚೇರಿಯ ಹಳೆಯ ರೇಡಿಯೋ ಲೈಸೆನ್ಸ್ ಪುಸ್ತಕ ಇದೆಯೇ ಹುಡುಕಿ. ಸೆಟ್ಟಿನ ಹೆಸರು ಅದರಲ್ಲಿ ಬರೆದಿರಬಹುದು.

ಅಟ್ಟದವನು
ಲೈಸೆನ್ಸ್ ಪುಸ್ತಕ ದೊಡ್ಡಪ್ಪನ ಪೆಟ್ಟಿಗೆಯಲ್ಲಿರಬೇಕು. ಆ ಪೆಟ್ಟಿಗೆಯ ಬೀಗದ ಕೈ ಶಿವಮೊಗ್ಗದ ಅತ್ತೆಯ ಬಳಿ ಇದೆ. 9 ವೋಲ್ಟ್ ಬ್ಯಾಟರಿ ಇಲ್ಲಿಯ ಅಂಗಡಿಯಲ್ಲಿ ಎರಡೇ ಇದ್ದವು, ಎಂಟಕ್ಕೆ ಹೇಳಿ ಬಂದಿದ್ದೇನೆ.

ಆಗುಂಬೆ ಅಲೆ
ಬೀಟೆ ಪೆಟ್ಟಿಗೆ ಮಾರುವ ಯೋಚನೆ ಇದೆಯೇ?

ಸಾಲ್ಡರ್ ಸಾಗರ
ಕೆಪ್ಯಾಸಿಟರ್ ತಂದಿರಾ?