ಮನೆ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕೋದು? ಅಮ್ಮನೂ ಬಳಸ್ತಾರೆ

ಹೊಸಕೀಲಿ:
ಎಲ್ರಿಗೂ ನಮಸ್ಕಾರ. ಮನೇಲಿ ಹಳೇ ಲ್ಯಾಪ್‌ಟಾಪ್ ಒಂದಿದೆ, 4ನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಇದೆ, ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ 8ನೇ ಜನರೇಶನ್‌ನಿಂದ ಈಚೆದು ಬೇಕು, ನಮ್ದು ಲೆಕ್ಕಕ್ಕೇ ಬರಲ್ಲ. ಮಷೀನ್ ಗಟ್ಟಿಯಾಗೇ ಇದೆ, ಎಸೆಯೋಕೆ ಮನಸ್ಸಿಲ್ಲ. ಅಮ್ಮ ಬ್ರೌಸರ್, ವಿಡಿಯೋ ಕಾಲ್, ಬ್ಯಾಂಕ್ ಕೆಲ್ಸಕ್ಕೆ ಬಳಸ್ತಾರೆ, ತಂಗಿ ಕಾಲೇಜಿನ ವರ್ಡ್ ಫೈಲು ಅದು ಇದು ಮಾಡ್ತಾಳೆ, ನನಗೆ ಕನ್ನಡ ಟೈಪಿಂಗ್ ಬೇಕೇ ಬೇಕು. ಎರಡು ದಿನದಿಂದ ಓದ್ತಾ ಇದೀನಿ, ಒಬ್ರು ಉಬುಂಟು ಅಂತಾರೆ ಇನ್ನೊಬ್ರು ಫೆಡೋರಾ ಅಂತಾರೆ ಮತ್ತೊಬ್ರು ಆರ್ಚ್ ಹಾಕು ಎಲ್ಲಾ ಕಲೀತೀಯ ಅಂತಾರೆ, ತಲೆ ಗಿರ್ ಅಂತಿದೆ. ನೀವಾಗಿದ್ರೆ ಏನ್ ಹಾಕ್ತಿದ್ರಿ, ಯಾಕೆ ಅಂತ ಹೇಳಿ ಪ್ಲೀಸ್.

ಬೇಲಿಹೂ:
ಲಿನಕ್ಸ್ ಮಿಂಟ್, ಅದ್ರಲ್ಲೂ ಎಕ್ಸ್‌ಎಫ್‌ಸಿಇ ಎಡಿಷನ್. ಕಾರಣ ಹೇಳ್ತೀನಿ.

ಹೊಸಬ್ರು ಡಿಸ್ಟ್ರೋ (ಉಬುಂಟು, ಫೆಡೋರಾ ಥರ ಲಿನಕ್ಸ್‌ನ ಒಂದೊಂದು ರೂಪ) ಹೆಸ್ರಿನ ಹಿಂದೆ ಬೀಳ್ತಾರೆ, ಆದ್ರೆ ದಿನಾ ಕಣ್ಣಿಗೆ ಕಾಣೋದು, ಕೈಗೆ ಸಿಗೋದು ಡೆಸ್ಕ್‌ಟಾಪ್. ಮೆನು ಎಲ್ಲಿದೆ, ಕಿಟಕಿ ಮುಚ್ಚೋ ಬಟನ್ ಎಲ್ಲಿದೆ, ಎಷ್ಟು ರ‍್ಯಾಮ್ ತಿನ್ನತ್ತೆ ಎಲ್ಲಾ ಅದ್ರದ್ದೇ ಕೆಲ್ಸ. ಉಬುಂಟು ಜೊತೆ ಬರೋ ಗ್ನೋಮ್ ಡೆಸ್ಕ್‌ಟಾಪ್ ಚೆನ್ನಾಗಿದೆ ಆದ್ರೆ 4 ಜಿಬಿಗೆ ಭಾರ, ಮತ್ತೆ ವಿಂಡೋಸ್ ರೂಢಿ ಇರೋರಿಗೆ ಮೊದಮೊದ್ಲು ಎಲ್ಲಾ ಬೇರೆ ಜಾಗದಲ್ಲಿ ಇದ್ದಂಗೆ ಅನ್ಸತ್ತೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಗುರ, ಕೆಳಗೆ ಪಟ್ಟಿ, ಎಡಗಡೆ ಮೆನು, ಅಮ್ಮನಿಗೆ ಹೊಸದಾಗಿ ಹೇಳಿಕೊಡೋದು ಕಮ್ಮಿ.

ಎರಡನೇದು ಸಪೋರ್ಟ್ ಎಷ್ಟು ವರ್ಷ ಅನ್ನೋದು. ಮಿಂಟ್ 22 ಸರಣಿ ಉಬುಂಟು 24.04 ಎಲ್‌ಟಿಎಸ್ (ತುಂಬಾ ವರ್ಷ ಸಪೋರ್ಟ್ ಇರೋ ವರ್ಷನ್) ಮೇಲೆ ಕಟ್ಟಿದ್ದು, 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗತ್ತೆ. ಫೆಡೋರಾ ಒಳ್ಳೇದೇ, ನನ್ನ ಕೆಲ್ಸದ ಮಷೀನ್‌ನಲ್ಲಿ ಅದೇ ಇರೋದು, ಆದ್ರೆ ಒಂದೊಂದು ವರ್ಷನ್‌ಗೂ ಸುಮಾರು 13 ತಿಂಗಳು ಅಷ್ಟೇ, ಆಮೇಲೆ ಮೇಲಿನದಕ್ಕೆ ಹೋಗ್ಲೇಬೇಕು. ಅಮ್ಮ ಬಳಸೋ ಮಷೀನ್‌ಗೆ ವರ್ಷಾ ವರ್ಷಾ ಆ ಕೆಲ್ಸ ಯಾಕೆ ಹೇಳಿ. ಆರ್ಚ್ ರೋಲಿಂಗ್, ಅಂದ್ರೆ ವರ್ಷನ್ ಅಂತಿಲ್ಲದೇ ಹೊಸದು ಬರ್ತಾನೇ ಇರತ್ತೆ, ಅಪ್‌ಡೇಟ್ ಹೊಡೆಯೋ ಮುಂಚೆ ಅವರ ನ್ಯೂಸ್ ಪೇಜ್ ನೋಡ್ಕೋಬೇಕು. ಕಲಿಯೋಕೆ ಒಳ್ಳೇದು, ಆದ್ರೆ ನಿಮ್ಮದೇ ಬೇರೆ ಮಷೀನ್ ಇದ್ದಾಗ ಮಾಡಿ, ಮನೆಯವ್ರೆಲ್ಲಾ ಬಳಸೋದ್ರ ಮೇಲೆ ಬೇಡ.

ಕರಿಪರದೆ:
ಬೇಲಿಹೂ ಹೇಳಿದ್ದು ಮುಕ್ಕಾಲು ಪಾಲು ಸರಿ, ಆದ್ರೆ ನಾನು ಡೆಬಿಯನ್ ಅಂತೀನಿ. 1993ರಿಂದ ನಡ್ಕೊಂಡ್ ಬಂದಿದೆ, ಉಬುಂಟು ಹುಟ್ಟಿದ್ದೇ ಇದ್ರಿಂದ. ಮುಂಚೆ ವೈಫೈ ಫರ್ಮ್‌ವೇರ್ (ಚಿಪ್ ನಡೆಸೋ ಸಾಫ್ಟ್‌ವೇರ್) ಬೇರೆ ತಂದು ಹಾಕ್ಬೇಕು ಅನ್ನೋ ಕಷ್ಟ ಇತ್ತು, 2023ರ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್ ಒಳಗೇ ಬರತ್ತೆ. ಈಗಿರೋದು 13, 2025ರ ಆಗಸ್ಟ್‌ನಲ್ಲಿ ಬಂತು. ಅದ್ರಲ್ಲೂ ಎಕ್ಸ್‌ಎಫ್‌ಸಿಇ ಆರಿಸ್ಕೋಬಹುದು. ನಮ್ಮನೇಲಿ ಮೂರು ಮಷೀನ್‌ಲೂ ಡೆಬಿಯನ್ನೇ, ಹಾಕಿದ್ಮೇಲೆ ಮರ್ತುಬಿಡಬಹುದು ಅಷ್ಟು ನೆಮ್ಮದಿ.

ಬೇಲಿಹೂ:
ಡೆಬಿಯನ್ ಬಗ್ಗೆ ನನಗೂ ಗೌರವ ಇದೆ ಸರ್. ಆದ್ರೆ ಮೊದಲನೇ ಸಲ ಹಾಕೋರಿಗೆ ಮಿಂಟ್‌ನಲ್ಲಿರೋ ಡ್ರೈವರ್ ಮ್ಯಾನೇಜರ್, ಅಪ್‌ಡೇಟ್ ಮ್ಯಾನೇಜರ್, ಟೈಮ್‌ಶಿಫ್ಟ್ ಇವೆಲ್ಲಾ ಕೈಗೆ ಸಿಗೋ ಹಾಗೆ ಇಟ್ಟಿರೋದು ದೊಡ್ಡ ಸಹಾಯ. ಡೆಬಿಯನ್‌ನಲ್ಲಿ ಅದೇ ಕೆಲ್ಸ ಆಗತ್ತೆ, ಯಾವ ಪ್ಯಾಕೇಜ್ ಹಾಕ್ಬೇಕು ಅಂತ ಗೊತ್ತಿರ್ಬೇಕು ಅಷ್ಟೇ.

ಟೈಮ್‌ಶಿಫ್ಟ್ ಬಗ್ಗೆ ಒಂದು ಮಾತು, ಇನ್‌ಸ್ಟಾಲ್ ಆದ ದಿನವೇ ಸೆಟ್ ಮಾಡಿ, ಅಪ್‌ಡೇಟ್‌ನಲ್ಲಿ ಏನಾದ್ರೂ ಕೆಟ್ರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗಬಹುದು. ಆದ್ರೆ ಅದು ಸಿಸ್ಟಮ್ ಫೈಲ್ ಮಾತ್ರ ಉಳಿಸತ್ತೆ, ನಾವಾಗಿ ಹೇಳದೇ ಇದ್ರೆ ನಮ್ಮ ಫೈಲ್ ಇರೋ ಹೋಮ್ ಫೋಲ್ಡರ್ ಮುಟ್ಟಲ್ಲ. ಟೈಮ್‌ಶಿಫ್ಟ್ ಇದೆಯಲ್ಲ ಅಂತ ಧೈರ್ಯವಾಗಿದ್ದು ನನ್ನ ಫೋಟೋ ಎಲ್ಲಾ ಹೋಯ್ತು ಒಂದ್ಸಲ, ಇವತ್ತಿಗೂ ಬೇಜಾರಾಗತ್ತೆ. ಫೋಟೋ, ಡಾಕ್ಯುಮೆಂಟ್ ಬೇರೆ ಡಿಸ್ಕ್‌ಗೆ ನೀವೇ ಕಾಪಿ ಮಾಡ್ಕೋಬೇಕು.

ತಿರುಪುಳಿ:
ಡಿಸ್ಟ್ರೋ ಯಾವುದಾದ್ರೂ ಹಾಕಿ ಆದ್ರೆ ಆ ಹಾರ್ಡ್ ಡಿಸ್ಕ್ ಮೇಲೆ ಹಾಕ್ಬೇಡಿ. ನಿಧಾನ ಆಗ್ತಿರೋದಕ್ಕೆ ಮುಕ್ಕಾಲು ಕಾರಣ ಆ ತಿರುಗೋ ಡಿಸ್ಕೇ, ಲಿನಕ್ಸ್ ಹಾಕಿದ್ರೂ ಅದು ತಿರುಗೋದು ಅದೇ ಸ್ಪೀಡಲ್ಲಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು ಹಾಕಿ, ಖಾಲಿ ಸ್ಲಾಟ್ ಇದ್ರೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿ, ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಡಿಡಿಆರ್3ಎಲ್ ಇರತ್ತೆ, ಈಗಿರೋದನ್ನ ತೆಗೆದು ಮೇಲಿನ ಚೀಟಿ ಓದ್ಕೊಂಡು ತಗೊಳ್ಳಿ. 4 ಜಿಬಿಯಲ್ಲಿ ಸಿಸ್ಟಮ್ ಓಡತ್ತೆ, ಆದ್ರೆ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆಗೆದು ಪಕ್ಕದಲ್ಲಿ ವಿಡಿಯೋ ಕಾಲ್ ಅಂದ್ರೆ ಯಾವ ಡಿಸ್ಟ್ರೋನೂ ಉಳಿಸಲ್ಲ.

ಇನ್ನೊಂದು ಲಾಭ ನೋಡಿ, ಹಳೇ ಡಿಸ್ಕ್ ವಿಂಡೋಸ್ ಸಮೇತ ಹಾಗೇ ಬಿಚ್ಚಿ ಎತ್ತಿಡಿ. ಒಂದೇ ಡಿಸ್ಕಲ್ಲಿ ಎರಡೂ ಇಡೋ ಡ್ಯುಯಲ್ ಬೂಟ್ ತಲೆನೋವಿಲ್ಲ, ಪಾರ್ಟಿಷನ್ ಕೊಯ್ಯೋ ಭಯ ಇಲ್ಲ, ಬೇಕಾದ್ರೆ ಒಂದು ಯುಎಸ್‌ಬಿ ಕೇಸ್‌ಗೆ ಹಾಕಿ ಹಳೇ ಫೈಲ್ ಓದ್ಕೋಬಹುದು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಆನ್ ಇದ್ರೆ ಮಾತ್ರ ಮೊದ್ಲೇ ಅದ್ರ ರಿಕವರಿ ಕೀ ಬರ್ದಿಟ್ಕೊಳ್ಳಿ.

ಹೊಸಕೀಲಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಎಸ್‌ಎಸ್‌ಡಿ ವಿಷಯ ನನ್ನ ತಲೆಗೇ ಹೊಳೆದಿರ್ಲಿಲ್ಲ, ತರಿಸ್ತಾ ಇದೀನಿ. ಅಷ್ಟರಲ್ಲಿ ಮಿಂಟ್ ಎಕ್ಸ್‌ಎಫ್‌ಸಿಇ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಇಳಿಸಿ ಪೆನ್‌ಡ್ರೈವ್‌ಗೆ ಬರೆದು ಲೈವ್ ಆಗಿ ಬೂಟ್ ಮಾಡಿದೆ, ಡಿಸ್ಕ್ ಮುಟ್ಟದೇ ಇಷ್ಟೆಲ್ಲಾ ನೋಡಬಹುದು ಅಂತ ಗೊತ್ತೇ ಇರ್ಲಿಲ್ಲ. ಸೌಂಡ್ ಬಂತು, ಕ್ಯಾಮೆರಾ ಬಂತು, ಬ್ರೈಟ್‌ನೆಸ್ ಕೀ ಕೆಲ್ಸ ಮಾಡ್ತು, ಆದ್ರೆ ವೈಫೈ ಪಟ್ಟಿನೇ ಬರ್ತಿಲ್ಲ. ಡಿಸ್ಟ್ರೋ ಬದಲಾಯಿಸ್ಲಾ?

ತಿರುಪುಳಿ:
ಈಗ್ಲೇ ಬದಲಾಯಿಸ್ಬೇಡಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮ್ಯಾಂಡ್ ಕೊಟ್ಟು ವೈಫೈ ಚಿಪ್ ಯಾರದ್ದು ನೋಡಿ, ಬ್ರಾಡ್‌ಕಾಮ್ ಅಂತಿದ್ರೆ ಅದಕ್ಕೆ ಹೆಚ್ಚಾಗಿ ಬೇರೆ ಡ್ರೈವರ್ ಬೇಕಾಗತ್ತೆ. ಫೋನ್ ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆಥರಿಂಗ್ ಆನ್ ಮಾಡಿ, ನೆಟ್ ಬರತ್ತೆ, ಆಮೇಲೆ ಡ್ರೈವರ್ ಮ್ಯಾನೇಜರ್ ತೆಗೀರಿ, ಅದೇ ಹುಡುಕಿ ತೋರಿಸತ್ತೆ. ಲೈವ್‌ನಲ್ಲಿ ಮಾಡಿದ್ದು ರೀಸ್ಟಾರ್ಟ್‌ಗೆ ಹೋಗತ್ತೆ, ಇನ್‌ಸ್ಟಾಲ್ ಆದ್ಮೇಲೆ ಇನ್ನೊಂದ್ಸಲ ಮಾಡ್ಬೇಕು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ತಡೆಯೋ ಸೆಟ್ಟಿಂಗ್) ಆನ್ ಇದ್ರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಿ ಅನ್ನತ್ತೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ಎನ್‌ರೋಲ್ ಮಾಡ್ಲಾ ಅಂತ ಕೇಳತ್ತೆ, ಎಷ್ಟೋ ಜನ ಮಷೀನ್ ಕೆಟ್ಟೋಯ್ತು ಅಂತ ಹೆದ್ರಿ ಆಫ್ ಮಾಡ್ಬಿಡ್ತಾರೆ, ಹಂಗ್ ಮಾಡ್ಬೇಡಿ, ಅದೇ ಪಾಸ್‌ವರ್ಡ್ ಕೊಟ್ಟು ಮುಂದಕ್ಕೆ ಹೋಗಿ.

ಅಕ್ಷರಪ್ರೀತಿ:
ಕನ್ನಡದ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬಂದೆ. ಬೇರೆ ಭಾಷೆ ಟೈಪಿಂಗ್‌ಗಿರೋ ಐಬಸ್ ಜೊತೆ ಐಬಸ್-ಎಂ17ಎನ್ (ibus-m17n) ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ, ಆಮೇಲೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ, ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಲೇಔಟ್ ಎಲ್ಲಾ ಸಿಗತ್ತೆ. ನುಡಿ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿದ್ರೆ ಕೆಜಿಪಿ ತಗೊಳ್ಳಿ, ಬೆರಳಿಗೆ ಹೊಸದೇನೂ ಅನ್ಸಲ್ಲ. ಫಾಂಟ್ಸ್-ಕೆಎನ್‌ಡಿಎ (fonts-knda) ಅನ್ನೋ ಪ್ಯಾಕೇಜ್ ಹಾಕಿದ್ರೆ ಲೋಹಿತ್, ಗುಬ್ಬಿ, ನವಿಲು ಫಾಂಟ್ ಒಟ್ಟಿಗೆ ಬರತ್ತೆ. ಹಳೇ ಕನ್ನಡ ಫೈಲ್ ಯುನಿಕೋಡ್ ಅಲ್ಲದೇ ಹಳೇ ನುಡಿ, ಬರಹ ಫಾಂಟ್‌ನಲ್ಲಿದ್ರೆ ಇಲ್ಲಿ ತೆಗೆದಾಗ ಅರ್ಥ ಆಗದ ಅಕ್ಷರ ಕಾಣತ್ತೆ, ಅದು ಲಿನಕ್ಸ್ ತಪ್ಪಲ್ಲ, ಯುನಿಕೋಡ್‌ಗೆ ಪರಿವರ್ತನೆ ಮಾಡ್ಕೊಳ್ಳಿ.

ತಂಗಿ ವರ್ಡ್ ಫೈಲ್‌ಗೆ ಲಿಬ್ರೆಆಫೀಸ್ ಸಾಕು, ಆದ್ರೆ ಅವಳ ಫೈಲ್ ಕ್ಯಾಲಿಬ್ರಿ, ಕೇಂಬ್ರಿಯಾ ಫಾಂಟಲ್ಲಿದ್ರೆ ಸಾಲು, ಪುಟ ಎಲ್ಲಾ ಜರುಗಬಹುದು. ಕಾರ್ಲಿಟೋ, ಕ್ಯಾಲಡಿಯಾ ಅಂತ ಅದೇ ಅಳತೆಯ ಫಾಂಟ್‌ಗಳಿವೆ, ಅವು ಇದ್ರೆ ಬಹುಪಾಲು ಸರಿಹೋಗತ್ತೆ. ಕಾಲೇಜಿಗೆ ಕಳಿಸೋದು ಪಿಡಿಎಫ್ ಮಾಡಿ ಕಳಿಸ್ಲಿ. ತುಂಬಾ ಮ್ಯಾಕ್ರೋ ಇರೋ ಎಕ್ಸೆಲ್ ಶೀಟ್ ಇದ್ರೆ ಮಾತ್ರ ಈಗ ಲೈವ್‌ನಲ್ಲೇ ತೆಗೆದು ನೋಡ್ಬಿಡಿ, ಇನ್‌ಸ್ಟಾಲ್ ಆದ್ಮೇಲೆ ಗೊತ್ತಾಗೋದು ಬೇಡ.

ಹೊಸಕೀಲಿ:
ಬ್ರಾಡ್‌ಕಾಮ್ ಚಿಪ್ಪೇ ಇತ್ತು! ಫೋನ್ ಚುಚ್ಚಿ ಡ್ರೈವರ್ ಹಾಕಿದೆ, ವೈಫೈ ಬಂತು. ತಂಗಿಯ ಫೈಲ್‌ಗಳನ್ನ ತೆಗೆದು ನೋಡಿದ್ವಿ, ಒಂದ್ರಲ್ಲಿ ಟೇಬಲ್ ಸ್ವಲ್ಪ ಜರುಗಿದೆ, ಉಳಿದದ್ದು ಸರಿ ಇದೆ. ಅಮ್ಮ ಲೈವ್‌ನಲ್ಲೇ ಅರ್ಧ ಗಂಟೆ ಕೂತು ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿದ್ರು, ಅಕ್ಷರ ಇನ್ನೂ ದೊಡ್ಡದಾಗತ್ತಾ ಅಂತ ಕೇಳ್ತಿದಾರೆ, ಎಲ್ಲಿ ಬದಲಾಯಿಸೋದು?

ಬೇಲಿಹೂ:
ಸೆಟ್ಟಿಂಗ್ಸ್, ಅಪಿಯರೆನ್ಸ್, ಫಾಂಟ್ಸ್, ಅಲ್ಲಿ ಡಿಪಿಐ (ಅಕ್ಷರದ ಅಳತೆ) 96 ಇರತ್ತೆ. 110 ಮಾಡಿ ನೋಡಿ, ಸಾಲದಿದ್ರೆ 120. ಮೌಸ್ ಪಾಯಿಂಟರ್ ದೊಡ್ಡದು ಮಾಡೋದು ಮೌಸ್ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನೂ ಮಾಡ್ಕೊಡಿ ಅಮ್ಮನಿಗೆ.