ಸಹಾಯ ಬೇಕು: ಮಂಗಳೂರು ಅಳಿವೆಯಲ್ಲಿ ಗಾಳ ಹಾಕಲು ದೋಣಿ

ನಮಸ್ಕಾರ. ನವೆಂಬರ್ ಕೊನೆಗೆ ನಾಲ್ಕು ಜನ ಅಳಿವೆಬಾಗಿಲಿನ ಸುತ್ತ, ದಡಕ್ಕೆ ಹತ್ತಿರವೇ, ಅರ್ಧ ದಿನ ಗಾಳ ಹಾಕುವವರಿದ್ದೇವೆ. ಮುಖ್ಯವಾಗಿ ಕೆಂಬೇರಿ, ಕೊಕ್ಕರ್ ಮೀನಿಗಾಗಿ. ಅಂಜಲ್ ಸಿಕ್ಕರೆ ಬಹಳ ಸಂತೋಷ.

ಏಳು ಅಡಿ ರಾಡ್, 4000 ಸೈಜಿನ ಸ್ಪಿನ್ನಿಂಗ್ ರೀಲ್, 30 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ), ತುದಿಗೆ ಒಂದು ಮಾರು 40 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ಗಾಳದ ಕಡೆಯ ಗಟ್ಟಿ ದಾರ) ಇದೆ. ಇವೆರಡನ್ನು ಜೋಡಿಸುವ ಎಫ್‌ಜಿ ಗಂಟನ್ನು ಒದ್ದೆ ಮಾಡಿ ಪೂರ್ತಿ ಬಿಗಿಯದಿದ್ದರೆ ಜಾರುತ್ತದೆ. ಅಲುಗುವ ದೋಣಿಯಲ್ಲಿ ಅದು ಆಗದ ಕೆಲಸ, ಮನೆಯಲ್ಲೇ ಕಟ್ಟಿ ತರುತ್ತೇವೆ. ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿಯನ್ನು, ತೂಗುತಕ್ಕಡಿಯಲ್ಲಿ ಎಳೆದು ನೋಡಿ ಮೂರೂವರೆ ಕೆಜಿಗೆ ಇಟ್ಟಿದೆ. ಅಂಜಲ್ ಹಲ್ಲಿಗೆ ಒಂದು ಗೇಣು ಸ್ಟೀಲ್ ತಂತಿ ಬೇರೆ.

ಕೆಂಬೇರಿ ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ, ಲೀಡರ್ ಉಜ್ಜಿ ಕಡಿಯುತ್ತದೆ. ಅಲ್ಲಿನ ತಡೆಗೋಡೆ ಕಲ್ಲುಗಳ ಹತ್ತಿರ 50 ಪೌಂಡ್ ಲೀಡರ್ ಹಾಕುವುದೇ ಒಳ್ಳೆಯದೇ? ಜೀವಂತ ಸಿಗಡಿ ಬೆಳಿಗ್ಗೆ ಎಲ್ಲಿ ಸಿಗುತ್ತದೆ?

ಎಲ್ಲಕ್ಕಿಂತ ದೊಡ್ಡ ಚಿಂತೆ ಬಾಗಿಲು ದಾಟುವುದು. ಇಳಿತದ ನೀರು ರಭಸದಿಂದ ಹೊರಹೋಗುವಾಗ ಎದುರಿನಿಂದ ಅಲೆ ಬಂದರೆ ನೀರು ಕಡಿದಾಗಿ ಏಳುತ್ತದೆ, ಸಣ್ಣ ದೋಣಿಗೆ ಅಪಾಯ. ಉಬ್ಬರ ನೋಡಿಯೇ ಹೊರಡುವ, ಎಲ್ಲರಿಗೂ ಲೈಫ್ ಜಾಕೆಟ್ ಕೊಡುವ ದೋಣಿಯವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಾಡಿಗೆ ಎಷ್ಟು, ಡೀಸೆಲ್ ಅದರಲ್ಲೇ ಸೇರಿದೆಯೇ ಎಂಬುದನ್ನೂ ಹೇಳಿ.