ಅಪ್‌ಡೇಟ್: ಮಂಗಳೂರಿನ ಲೋಗೋ ಸ್ಪರ್ಧೆಯ ಕಥೆ ಏನಾಯ್ತು

ಮಂಗಳೂರಿನ ಒಂದು ಸಂಸ್ಥೆಯ ಲೋಗೋ ಸ್ಪರ್ಧೆಗೆ ಡಿಸೈನ್ ಕಳಿಸಬಹುದಾ ಅಂತ ಕೇಳಿದ್ದೆ. ಗೆದ್ದವರಿಗೆ ಪ್ರಮಾಣಪತ್ರ ಮಾತ್ರ. ಬಂದ ಎಲ್ಲ ಡಿಸೈನ್‌ಗಳ ಹಕ್ಕು, ಸೋತವರದ್ದೂ ಸೇರಿ, ಸಂಸ್ಥೆಗೆ.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿದೆ. ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿರಬೇಕು, ಕೊಡುವವರ ಸಹಿ ಬೇಕು, ಪ್ರತಿಫಲ ಏನೆಂದೂ ನಮೂದಿಸಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಇಷ್ಟನ್ನೂ ಬರೆದು ಸಂಸ್ಥೆಗೆ ಮೇಲ್ ಹಾಕಿದೆ.

ಅವರೇ ಫೋನ್ ಮಾಡಿದರು. "ನಿಮಗೆ ಹೆಸರು ಬರ್ತದಲ್ಲ ಮಾರಾಯ್ರೆ" ಅಂದರು. "ಸರ್, ಬೋರ್ಡ್ ಪ್ರಿಂಟ್ ಮಾಡುವವರಿಗೆ ದುಡ್ಡು ಕೊಡ್ತೀರಿ. ಅದರ ಮೇಲಿನ ಚಿತ್ರ ಮಾಡಿದವರಿಗೆ ಯಾಕೆ ಇಲ್ಲ?" ಅಂತ ಕೇಳಿದೆ. ರೂಪಾಯಿ ಚಿಹ್ನೆಯೂ ಸ್ಪರ್ಧೆಯಿಂದಲೇ ಬಂದದ್ದಲ್ವಾ ಅಂದರು. ಹೌದು, ಆದರೆ 2010ರಲ್ಲಿ ಆಯ್ಕೆಯಾದ ಆ ಚಿಹ್ನೆ ರಚಿಸಿದ ಡಿ. ಉದಯ ಕುಮಾರ್ ಅವರಿಗೆ 2.5 ಲಕ್ಷ ರೂಪಾಯಿ ಬಹುಮಾನ ಇತ್ತು, ಅಂತಿಮ ಸುತ್ತಿನ ಐವರಿಗೂ ತಲಾ 25,000 ಇತ್ತು ಅಂದೆ. ಇದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ.

ಈಗ ನಿಯಮ ತಿದ್ದಿದ್ದಾರೆ: ಆಯ್ಕೆಯಾಗದ ಡಿಸೈನ್‌ಗಳ ಹಕ್ಕು ಅವನ್ನು ಮಾಡಿದವರದ್ದೇ. ಇದು ಸಣ್ಣ ಸಂಗತಿ ಅಲ್ಲ, ನನಗೆ ನಿಜಕ್ಕೂ ಖುಷಿಯಾಯಿತು. ಹಣದ ಮಾತು ಮಾತ್ರ ಎತ್ತಲೇ ಇಲ್ಲ, ಹಾಗಾಗಿ ನಾನು ಕಳಿಸಲಿಲ್ಲ. ಆದರೂ ಕಾಲೇಜು ಮಕ್ಕಳು ಪರೀಕ್ಷೆಯ ನಡುವೆ ರಾತ್ರಿಯಿಡೀ ಕೂತು ಇದಕ್ಕೆ ಕೆಲಸ ಮಾಡ್ತಿದ್ದಾರೆ ಅನ್ನುವುದು ಸಂಕಟದ ವಿಷಯ. ಆ ಸೆಕ್ಷನ್ನಿನ ಸಾರವನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಮಣಿಪಾಲ, ಮಂಗಳೂರಿನಲ್ಲಿ ಡಿಸೈನ್ ಕಲಿಯುವ ಪರಿಚಯದವರಿಗೆ ಕಳಿಸ್ತಿದ್ದೇನೆ. ಬೇಕಾದವರು ಹೇಳಿ, ನಿಮಗೂ ಕಳಿಸುವೆ.